ಹತ್ತೊಂಬತ್ತನೇ ಚಿತ್ರದ ಕೊನೆಯ ಪ್ಯಾರಾ

ಶುಕ್ರವಾರ ಬೆಳಗ್ಗೆ ನಾನು ಪತ್ರಿಕೆಯ ಕಚೇರಿಗೆ ಕಾಲಿಡುವಷ್ಟರಲ್ಲಿ ಹನ್ನೊಂದು ಫೋನ್ ಬಂದಿದ್ದವು. ಎಲ್ಲರದ್ದೂ ಒಂದೇ ಬೈಗುಳ — ಸಿನಿಮಾದ ಕೊನೆಯನ್ನು ಯಾಕೆ ಬಿಟ್ಟುಕೊಟ್ಟಿರಿ?

ಸಿನಿಮಾ ಪುಟ ನೋಡಿಕೊಳ್ಳುವವನು ನಾನೇ. ಪುಟ ಬಿಡಿಸಿದೆ. ಗೂಢಚಾರನ ಸರಣಿಯ ಹತ್ತೊಂಬತ್ತನೇ ಚಿತ್ರ. ಮೊದಲನೆಯದರಿಂದಲೂ ವಿಮರ್ಶೆ ಬರೆಯುತ್ತ ಬಂದವರು ನಮ್ಮ ಮೇಷ್ಟ್ರು. ಈ ಸಲವೂ ಶುರು ಎಂದಿನಂತೆಯೇ ಇತ್ತು:

‘ರೈಲಿನ ಮೇಲೆ ಹೊಡೆದಾಟ ಇದು ಏಳನೇ ಸಲ. ನಾಯಕನ ಮೊಣಕಾಲು ನೋವು ಪ್ರೇಕ್ಷಕನಿಗೂ ತಿಳಿಯುತ್ತದೆ. ಜಗತ್ತನ್ನು ಯಾಕೆ ನಾಶ ಮಾಡಬೇಕೆಂದು ಖಳನಿಗೇ ಗೊತ್ತಿದ್ದಂತಿಲ್ಲ. ಆದರೂ ಎದ್ದು ಬರಲಾಗಲಿಲ್ಲ. ಎಷ್ಟೆಂದರೂ ಹಳೆಯ ಪರಿಚಯ.’

ಅಲ್ಲಿಗೆ ಮುಗಿಯಬೇಕಿತ್ತು. ಕೆಳಗೆ ಇನ್ನೊಂದು ಪ್ಯಾರಾ:

‘ಕೊನೆಗೆ ಮೇಲಧಿಕಾರಿಣಿ, “ನಿನ್ನ ಕೆಲಸ ಮುಗೀತು” ಅನ್ನುತ್ತಾಳೆ. ಗುಂಡಿನ ಸದ್ದು. ಧೊಪ್ಪನೆ ಬಿದ್ದ ಸದ್ದು. ಅವಳು ಅಳುತ್ತಾಳೆ. ಪಿಟೀಲು. ಗೂಢಚಾರ ಸತ್ತ. ಇನ್ನು ಈ ಚಿತ್ರಗಳಿಗೆ ಯಾರೂ ಹೋಗಬೇಕಾಗಿಲ್ಲ.’

ಹತ್ತು ಗಂಟೆಗೆ ಸಂಪಾದಕರು ಎಲ್ಲರನ್ನೂ ಕರೆದರು. ಮೇಷ್ಟ್ರು ಹೆಂಡತಿಯ ತೋಳು ಹಿಡಿದು ಬಂದರು. ಪ್ಯಾರಾ ಓದಿ ಹೇಳಿದೆವು.

“ಇದು ನಾನು ಬರೆಸಿದ್ದಲ್ಲ,” ಎಂದರು ಮೇಷ್ಟ್ರು.

ಕೈ ನಡುಗುವುದರಿಂದ ಮೇಷ್ಟ್ರು ಈಗ ತಾವೇ ಬರೆಯುವುದಿಲ್ಲ. ಅವರು ಹೇಳುತ್ತಾರೆ, ಅವರ ಹೆಂಡತಿ, ನಮಗೆಲ್ಲ ಅಮ್ಮ, ಬರೆದುಕೊಳ್ಳುತ್ತಾರೆ, ಆಮೇಲೆ ಫೋನಿನಲ್ಲಿ ಓದುತ್ತಾರೆ, ನಮ್ಮ ಟೈಪಿಸ್ಟ್ ಹೊಡೆದುಕೊಳ್ಳುತ್ತಾಳೆ.

“ಅಮ್ಮ ಓದಿದ್ದನ್ನೇ ಹೊಡೆದೆ ಸಾರ್,” ಎಂದಳು ಟೈಪಿಸ್ಟ್.

“ನಾನು ಓದಿಲ್ಲ,” ಎಂದರು ಅಮ್ಮ. “ನನಗೆ ಆ ಕಥೆ ಹೇಗೆ ಗೊತ್ತಾಗಬೇಕು? ನಾನು ಸಿನಿಮಾ ನೋಡೋದೇ ಇಲ್ಲ. ಇವರು ಒಳಗಿರೋವರೆಗೆ ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ.”

“ಬರೆದ ಹಾಳೆ ಎಲ್ಲಿ?” ಸಂಪಾದಕರು ಕೇಳಿದರು.

“ಯಾವಾಗಲೂ ಹರಿದು ಹಾಕ್ತೀನಿ.”

ಹೋದ ವಾರವಷ್ಟೇ ಮೇಷ್ಟ್ರು ಅಕ್ಷರ ತಪ್ಪಿಗಾಗಿ ಟೈಪಿಸ್ಟ್‌ಳನ್ನು ಎಲ್ಲರೆದುರು ಬೈದಿದ್ದರು. ಸಂಪಾದಕರಿಗೆ ಅಷ್ಟು ಸಾಕಾಯಿತು.

“ಸೋಮವಾರದಿಂದ ಬರಬೇಡಮ್ಮ.”

ಏಳು ವರ್ಷದ ಕೆಲಸ. ಅವಳು ಕಂಪ್ಯೂಟರ್ ಆರಿಸಿ, ಕಪ್ಪು ಪರದೆಯನ್ನೇ ನೋಡುತ್ತ ಕೂತಳು.

ಮೂಲೆಯ ಮೇಜಿನಿಂದ ಅಲ್ಪವಿರಾಮ ಎದ್ದು ಬಂದರು. ಕರಡು ತಿದ್ದುವವರು ಅವರು. ಆ ಹೆಸರು ನಾವಿಟ್ಟದ್ದು. ಗುರುವಾರ ಹಲ್ಲುನೋವೆಂದು ರಜೆ ಹಾಕಿದ್ದರು. ಮೇಷ್ಟ್ರ ಬರಹವೆಂದು ನಾನು ಓದದೆ ಪುಟಕ್ಕೆ ಹಾಕಿದ್ದೆ; ಅವರಿದ್ದಿದ್ದರೆ ಆ ಪ್ಯಾರಾ ದಾಟುತ್ತಿರಲಿಲ್ಲ. ದವಡೆ ಇನ್ನೂ ಊದಿಕೊಂಡಿತ್ತು.

“ಆ ಸಿನಿಮಾ ನೋಡಿದವರು ಯಾರಾದರೂ ಇದ್ದೀರಾ ಇಲ್ಲಿ?”

ಮೇಷ್ಟ್ರನ್ನು ಬಿಟ್ಟರೆ ಯಾರೂ ಇಲ್ಲ. ಗುರುವಾರದ ಆಟ ವಿಮರ್ಶಕರಿಗಷ್ಟೇ.

“ಹಾಗಾದರೆ ನಡಿ,” ಎಂದರು ನನಗೆ. “ಮಧ್ಯಾಹ್ನದ ಆಟಕ್ಕೆ ಹೋಗೋಣ.”

ರೈಲಿನ ಹೊಡೆದಾಟಕ್ಕೇ ನನಗೆ ನಿದ್ದೆ ಹತ್ತಿತು. ಎಚ್ಚರವಾದಾಗ ದೀಪ ಹಾಕಿದ್ದರು. ಅಲ್ಪವಿರಾಮ ಮಾತ್ರ ಆಗಲೇ ಬಾಗಿಲಾಚೆ ಹೋಗಿ, ಬೆಂಚಿನ ಮೇಲೆ ಕೂತಿದ್ದರು. ಕಣ್ಣು ಮುಚ್ಚಿದ್ದವು.

“ಹಲ್ಲುನೋವಾ?”

“ಅಲ್ಲ. ಮುಂದಿನ ಆಟದ ಜಾಹೀರಾತು ಎಷ್ಟು ಚೆನ್ನಾಗಿ ಕೇಳಿಸುತ್ತೆ ನೋಡು, ಇಲ್ಲಿಗೂ.”

ಸಂಜೆ ಐದಕ್ಕೆ ಮೇಷ್ಟ್ರ ಮನೆ ತಲುಪಿದೆವು. ಎರಡು ಕೋಣೆಯ ಮನೆ. ಗೋಡೆಯುದ್ದಕ್ಕೂ ಹಳೆಯ ಪತ್ರಿಕೆಗಳ ಕಟ್ಟು. ಮೇಷ್ಟ್ರು ಕುರ್ಚಿಯಲ್ಲಿ ಒರಗಿದ್ದರು. ಅಮ್ಮ ನೀರು ತಂದಿಟ್ಟರು.

“ಅಮ್ಮಾ, ಒಂದು ಮಾತು,” ಎಂದರು ಅಲ್ಪವಿರಾಮ. “ನಿನ್ನೆ ಆ ಬೆಂಚಿನಿಂದ ಏಳಲಿಲ್ಲ ಅಲ್ವಾ ನೀವು?”

“ಇಲ್ಲ. ಯಾಕೆ?”

“ಆ ಪ್ಯಾರಾದಲ್ಲಿ ಕಂಡದ್ದು ಒಂದೂ ಇಲ್ಲ. ಎಲ್ಲಾ ಕೇಳಿದ್ದೇ. ಮಾತು, ಗುಂಡು, ಬಿದ್ದ ಸದ್ದು, ಅಳು, ಪಿಟೀಲು.” ಅಲ್ಪವಿರಾಮ ದವಡೆ ಒತ್ತಿಕೊಂಡರು. “ಕೊನೆಯನ್ನು ಬಿಟ್ಟುಕೊಟ್ಟರು ಅಂತ ಬೆಳಗ್ಗೆಯಿಂದ ಜಗಳ. ಅದು ಸರಿಯಾದ ಕೊನೆಯಾ ಅಂತ ಯಾರೂ ನೋಡಲಿಲ್ಲ. ಗುಂಡು ಬೀಳೋದು ಗೋಡೆ ಗಡಿಯಾರಕ್ಕೆ. ಕೆಳಗೆ ಬೀಳೋದೂ ಗಡಿಯಾರವೇ. ಆ ಹೆಂಗಸು ಅಳಲ್ಲ, ನಗ್ತಾಳೆ. ಬಾಗಿಲಾಚೆ ಕೂತವರಿಗೆ ಅಳು ಅನ್ನಿಸುತ್ತೆ. ಟೈಪಿಸ್ಟ್ ಬೇರೆ ವಿಮರ್ಶಕರ ಬಾಯಿಂದ ಕಥೆ ತಿಳ್ಕೊಂಡಿದ್ದರೆ ಸರಿಯಾಗೇ ಹೊಡೀತಿದ್ದಳು. ಕಣ್ಣಿಲ್ಲದೆ ಬರೀ ಕಿವಿಯಿಂದ ಆ ಸಿನಿಮಾ ನೋಡಿದವರು ಒಬ್ಬರೇ.”

ಅಮ್ಮ ಲೋಟವನ್ನು ಸರಿಸಿದರು. ಮತ್ತೆ ಅಲ್ಲಿಗೇ ತಂದಿಟ್ಟರು.

ಮಾತಾಡಿದವರು ಮೇಷ್ಟ್ರು.

“ಹಾಗಾದರೆ... ಅವನು ಸತ್ತಿಲ್ವಾ?”

ಆಗ ನನಗೆ ಹೊಳೆಯಿತು. ಬೆಳಗ್ಗೆ ಸಂಪಾದಕರೆದುರು ಅವರು ಹೇಳಿದ್ದು ‘ನಾನು ಬರೆಸಿದ್ದಲ್ಲ’ ಎಂದಷ್ಟೇ. ‘ಅದು ತಪ್ಪು’ ಎಂದಿರಲಿಲ್ಲ.

“ಎಲ್ಲಿಯವರೆಗೆ ಕಂಡಿತ್ತು ಮೇಷ್ಟ್ರೇ?” ಅಲ್ಪವಿರಾಮ ಮೆಲ್ಲಗೆ ಕೇಳಿದರು.

“ರೈಲು ಕಂಡಿತ್ತು. ಅದು ಹಗಲಿನ ದೃಶ್ಯ. ಆಮೇಲೆಲ್ಲ ಮಸಿ ಬಳಿದ ಹಾಗೆ.”

“ಡಾಕ್ಟರು ಹೋದ ವರ್ಷವೇ ಹೇಳಿದ್ದಾರೆ,” ಅಮ್ಮ ನೆಲ ನೋಡುತ್ತ ಅಂದರು. “ಇರೋ ದೃಷ್ಟಿಯೂ ಉಳಿಯಲ್ಲ, ಕತ್ತಲಲ್ಲಿ ಓಡಾಡಬೇಡಿ ಅಂತ. ಕೇಳಬೇಕಲ್ಲ ಇವರು. ಥಿಯೇಟರ್ ಮೆಟ್ಟಿಲಲ್ಲಿ ಎರಡು ಸಲ ಬಿದ್ದರು. ನಾನು ಹೇಳಿ ಹೇಳಿ ಸಾಕಾಯ್ತು. ಸಂಪಾದಕರೇ ಬೇಡ ಅಂದರೆ ಬಿಡ್ತಾರೆ ಅಂದ್ಕೊಂಡೆ. ಇವರು ಮಲಗಿದ್ದಾಗ ಫೋನಿನಲ್ಲಿ ನಾಲ್ಕು ಸಾಲು ಸೇರಿಸಿ ಓದಿದೆ. ಆ ಹುಡುಗಿಯ ತಲೆಗೆ ಬರುತ್ತೆ ಅಂತ ಯೋಚಿಸಲಿಲ್ಲ. ಬಂದಾಗ ಹೆದರಿ ಸುಳ್ಳು ಹೇಳಿಬಿಟ್ಟೆ.”

ಮೇಷ್ಟ್ರು ಬೈಯುತ್ತಾರೆಂದು ಕಾದೆವು. ಬೈಯಲಿಲ್ಲ.

“ನನಗೆ ನೇರವಾಗಿ ಹೇಳಬಹುದಿತ್ತಲ್ಲೇ.”

“ಹೇಳಿದ್ದೆ. ಹೋದ ಸಲದ ಚಿತ್ರಕ್ಕೂ ಹೇಳಿದ್ದೆ.”

ಅವರು ಹೌದೆಂದು ತಲೆಯಾಡಿಸಿದರು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಮೊದಲು ಆ ಹುಡುಗಿಗೆ ಫೋನ್ ಮಾಡು. ಆಮೇಲೆ ಸಂಪಾದಕರಿಗೆ. ಅಂಕಣ ಇಲ್ಲಿಗೆ ಮುಗೀತು, ಕಾರಣ ನನ್ನ ಕಣ್ಣು ಅಂತ ನಾನೇ ಹೇಳ್ತೀನಿ.”

ಅಮ್ಮ ಫೋನ್ ಎತ್ತಿಕೊಂಡು ಒಳಗಿನ ಕೋಣೆಗೆ ಹೋದರು. ಅತ್ತಲಿಂದ ಟೈಪಿಸ್ಟ್‌ಳ ದನಿ ಬಂದಿರಬೇಕು, “ನಾನಮ್ಮ, ಮೇಷ್ಟ್ರ ಮನೆಯಿಂದ...” ಎಂದು ಅಮ್ಮ ತಡವರಿಸಿದ್ದು ಕೇಳಿಸಿತು.

ಮೇಷ್ಟ್ರು ಅಲ್ಪವಿರಾಮರ ಕಡೆ ಬಾಗಿದರು.

“ಗಡಿಯಾರ ಬಿತ್ತು. ಆಮೇಲೆ?”

“ಕಿಟಕಿಯಿಂದ ಇಳೀತಾನೆ. ಕುಂಟುತ್ತಾ. ಕೆಳಗೆ ಬೀದಿ ತುಂಬ ಜನ, ಕೆಲಸ ಮುಗಿಸಿ ಮನೆಗೆ ಹೋಗೋರು. ಅವರ ನಡುವೆ ಸೇರಿಕೊಳ್ತಾನೆ. ತಿರುಗಿ ನೋಡಲ್ಲ. ಯಾವುದು ಅವನ ಬೆನ್ನು, ಯಾವುದು ಬೇರೆಯವರ ಬೆನ್ನು, ಸ್ವಲ್ಪ ಹೊತ್ತಿಗೆ ಗೊತ್ತಾಗಲ್ಲ.”

ಮೇಷ್ಟ್ರು ಮಡಿಲಲ್ಲಿದ್ದ ಕನ್ನಡಕವನ್ನು ಮಡಚಿದರು.

“ಚೆನ್ನಾಗಿದೆ,” ಎಂದರು.