ಆನೆಗುಂಡಿನ ಹಿಂದಿನ ಗುಂಡಿ

ದನದ ದೊಡ್ಡಿಯಿಂದ ಮೇಲಕ್ಕೆ ಬಂದ ಮನುಷ್ಯನನ್ನು ಮತ್ತೆ ದನದ ದೊಡ್ಡಿಗೇ ಅಟ್ಟುತ್ತೇನೆ ಎಂದರೆ ಅವನು ಮೋಸಗಾರನಾಗದೆ ಇನ್ನೇನಾಗಬೇಕು? ಪ್ರಹ್ಲಾದಾಚಾರ್ ತನ್ನ ಮನಸ್ಸಾಕ್ಷಿಗೆ ಹೇಳಿದ ಸಮಾಧಾನ ಇಷ್ಟೇ. ಮನಸ್ಸಾಕ್ಷಿ ತಕರಾರಿಲ್ಲದೆ ಒಪ್ಪಿಕೊಂಡಿತು. ದೊಡ್ಡಿಯ ವಾಸನೆ ಅದಕ್ಕೂ ಗೊತ್ತಿತ್ತು.

ದಂಡಿನ ಇಂಗ್ಲಿಷರು ಹೋಗುವಾಗ ಬಳ್ಳಾರಿಗೆ ಒಂದು ಗಾಲ್ಫ್ ಮೈದಾನ ಬಿಟ್ಟುಹೋಗಿದ್ದರು. ಅದನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಸ್ವಾತಂತ್ರ್ಯದ ಹುರುಪಿನಲ್ಲಿ ‘ಸಾರ್ವಜನಿಕ’ ಎಂಬ ಹಲಗೆ ತೂಗುಹಾಕಿ, ಒಂದು ಸಮಿತಿ ಮಾಡಿ, ಎಲ್ಲರೂ ಮನೆಗೆ ಹೋದರು. ಮರುದಿನದಿಂದ ಸಾರ್ವಜನಿಕರಿಗಿಂತ ಮೊದಲು ಸಾರ್ವಜನಿಕರ ದನಗಳು ಬಂದವು. ದನ ಓಡಿಸಬಲ್ಲವನು ಬೇಕೆಂದು ದೊಡ್ಡಿಯ ಗುಮಾಸ್ತ ಪ್ರಹ್ಲಾದಾಚಾರನನ್ನು ಕರೆತಂದು ಸೂಪರಿಂಟೆಂಡೆಂಟ್ ಮಾಡಿದರು.

ಅವನು ಒಂದು ದಿನವೂ ಗಾಲ್ಫ್ ಆಡಿದವನಲ್ಲ. ಆದರೆ ಆ ಮೈದಾನವನ್ನು ಅವನು ಸುಧಾರಿಸಿದ ಪರಿ ನೋಡಬೇಕಿತ್ತು! ಆ ಬಿಸಿಲಿಗೆ ಹುಲ್ಲು ನಿಲ್ಲುವುದಿಲ್ಲ. ಅದಕ್ಕೇ ಇಂಗ್ಲಿಷರು ಚೆಂಡು ಬೀಳಿಸುವ ಗುಂಡಿಯ ಸುತ್ತ ಮರಳು ಹಾಸಿ, ಎಣ್ಣೆ ಸವರಿ, ನುಣ್ಣಗೆ ಮಾಡಿಕೊಳ್ಳುತ್ತಿದ್ದರು. ಪ್ರಹ್ಲಾದಾಚಾರ್ ಶೇಂಗಾ ಎಣ್ಣೆ ಸವರಿಸಿದ. ಊರಿನ ನಾಯಿಗಳೆಲ್ಲ ಬಂದು ನೆಕ್ಕಿ ಹೋದವು. ಹರಳೆಣ್ಣೆಗೆ ಬದಲಾಯಿಸಿದ. ನಾಯಿಗಳು ಇನ್ನೊಮ್ಮೆ ಬಂದವು, ಆಮೇಲೆ ಬರಲಿಲ್ಲ. ಗುಂಡಿಗಳಿಗೆ ಕೆಂಪು ಬಾವುಟ ನೆಟ್ಟರೆ ಹೆಂಗಸರು ಯಾವುದೋ ದೇವರೆಂದು ತೆಂಗಿನಕಾಯಿ ಒಡೆದರು. ಬಾವುಟ ನೀಲಿಯಾಯಿತು. ಇಷ್ಟೆಲ್ಲ ಸುಧಾರಿಸಿದರೂ ಆಡಲು ಬರುವವರು ಮಾತ್ರ ಯಾರೂ ಇರಲಿಲ್ಲ. ಅದು ಸೂಪರಿಂಟೆಂಡೆಂಟನ ತಪ್ಪೇ?

ತಪ್ಪೇ ಎಂದ ಸಮಿತಿಯ ಹೊಸ ಅಧ್ಯಕ್ಷ ವಿರೂಪಾಕ್ಷಪ್ಪ. ಬ್ರೂಸ್‌ಪೇಟೆಯಲ್ಲಿ ಶೇಂಗಾ ವ್ಯಾಪಾರ ಅವನದು. ಖಾಲಿ ಜಾಗ ಕಂಡರೆ ಅಲ್ಲಿ ಶೇಂಗಾ ಒಣಹಾಕುವ ಆಸೆ.

“ಆಚಾರ್ರೇ, ಮದ್ರಾಸ್ ಸರ್ಕಾರದ ಸಾಹೇಬ್ರು ಮೈದಾನ ನೋಡಾಕ ಬರ್ತಾರ. ಮುಚ್ಚರಿ ಅಂತ ಅವ್ರ ಬಾಯಿಂದ ಒಂದು ಮಾತು ಬಂದ್ರ ಮುಗೀತು. ನೀವೇನ್ ಚಿಂತಿ ಮಾಡಬ್ಯಾಡ್ರಿ, ದೊಡ್ಡ್ಯಾಗ ನಿಮ್ಮ ಕುರ್ಚಿ ಹಂಗ ಐತಿ.”

ಕುರ್ಚಿ ಇತ್ತು, ಸರಿ. ಆದರೆ ಮಗಳು ಇಂದಿರೆಗೆ ಆದೋನಿಯ ಕಡೆಯ ಸಂಬಂಧ ಕೂಡಿಬಂದಿತ್ತು. ಬೀಗರು ಗಾಲ್ಫ್ ಎಂದರೇನು ಎಂದು ಕೇಳಿರಲಿಲ್ಲ. ಸೂಪರಿಂಟೆಂಡೆಂಟ್ ಎಂಬ ಶಬ್ದವೇ ಅವರಿಗೆ ಸಾಕಾಗಿತ್ತು. ದನದ ದೊಡ್ಡಿಯವನ ಮಗಳನ್ನು ಅವರು ತಂದುಕೊಳ್ಳುವರೇ? ಹೆಂಡತಿ ಪದ್ಮಾಬಾಯಿ ಊಟಕ್ಕೆ ಬಡಿಸುವಾಗಲೆಲ್ಲ ಇದನ್ನೇ ಕೇಳಿದಳು. ಪ್ರಹ್ಲಾದಾಚಾರನಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಆ ಹೆದರಿಕೆಯಲ್ಲೇ ಉಪಾಯ ಹೊಳೆಯಿತು.

ಮದ್ರಾಸಿನ ಸಾಹೇಬರು ಚಿಕ್ಕ ವಯಸ್ಸಿನಲ್ಲಿ ಸಿರುಗುಪ್ಪದಲ್ಲಿ ನೌಕರಿ ಮಾಡಿದವರು, ಕನ್ನಡ ಬಲ್ಲವರು, ಗಾಲ್ಫಿನ ಹುಚ್ಚರು. ಒಂದೇ ಏಟಿಗೆ ಚೆಂಡು ಗುಂಡಿ ಸೇರಬೇಕೆಂಬುದು ಅವರ ಜನ್ಮದ ಆಸೆ, ಈವರೆಗೆ ಸೇರಿಲ್ಲ. ಮುಂಚಿತವಾಗಿ ಬಂದಿದ್ದ ಅವರ ಗುಮಾಸ್ತನೇ ಇದನ್ನು ಹೇಳಿ ನಕ್ಕಿದ್ದ. ಪ್ರಹ್ಲಾದಾಚಾರ್ ನಗಲಿಲ್ಲ. ಆ ಆಸೆ ಬಳ್ಳಾರಿಯಲ್ಲಿ ಕೈಗೂಡಿದರೆ? ತನ್ನ ಭಾಗ್ಯ ತೆರೆದ ಗುಂಡಿಯನ್ನು ಯಾವ ಮನುಷ್ಯ ತಾನೇ ಮುಚ್ಚಿಸುತ್ತಾನೆ?

ಮೈದಾನದ ಕೊನೆಯ ಗುಂಡಿ ಈ ಅಪರಾಧಕ್ಕೆಂದೇ ತೋಡಿದಂತಿತ್ತು. ಹೊಡೆಯುವ ಜಾಗಕ್ಕೂ ಅದಕ್ಕೂ ನಡುವೆ ಆನೆಗುಂಡು ಎಂಬ ಭಾರಿ ಬಂಡೆ. ಚೆಂಡು ಬಂಡೆಯ ಮೇಲಿಂದ ಹಾರಿ ಆಚೆ ಎಲ್ಲಿ ಬಿತ್ತೆಂದು ಹೊಡೆದವರಿಗೆ ಕಾಣುವುದಿಲ್ಲ. ಬಂಡೆಯ ಹಿಂದೆ ಒಬ್ಬ ಮನುಷ್ಯ ಕೂತಿದ್ದು, ಬಿದ್ದ ಚೆಂಡನ್ನು ಎತ್ತಿ ಗುಂಡಿಗೆ ಹಾಕಿ, ಮರಳಿನ ಮೇಲಿನ ಹೆಜ್ಜೆ ಅಳಿಸಿ ಹೊರಟುಹೋದರೆ ಮುಗಿಯಿತು. ಚೆಂಡು ಸಾಹೇಬರದೇ, ಗುಂಡಿ ಸರ್ಕಾರದ್ದೇ. ಪ್ರಹ್ಲಾದಾಚಾರ್ ಆಗ ಸಾಹೇಬರ ಪಕ್ಕದಲ್ಲೇ ಕೈಕಟ್ಟಿ ನಿಂತಿರುತ್ತಾನೆ. ಕೊಲೆ ಮಾಡಿದವರು ಕೂಡ ಇಷ್ಟು ಅಚ್ಚುಕಟ್ಟಾಗಿ ಯೋಚಿಸಿರಲಾರರು ಎಂದು ಅವನಿಗೆ ತನ್ನ ಮೇಲೆ ಗೌರವ ಬಂತು.

ಆ ಮನುಷ್ಯ, ಮರಳಿಗೆ ಎಣ್ಣೆ ಸವರುವ ಕುರುಗೋಡಿನ ಜಡೆಪ್ಪ. ಇಲ್ಲಿ ಪ್ರಹ್ಲಾದಾಚಾರ್ ತನ್ನ ಬುದ್ಧಿಗೆ ಕಳಸವಿಟ್ಟ. ತಪ್ಪು ಮಾಡುತ್ತಿದ್ದೇನೆಂದು ಗೊತ್ತಿದ್ದವನ ಮುಖದಲ್ಲಿ ತಪ್ಪು ಕಾಣುತ್ತದೆ. ಆದ್ದರಿಂದ ಇದು ತಪ್ಪೆಂದೇ ಜಡೆಪ್ಪನಿಗೆ ಹೇಳಲಿಲ್ಲ. ಇದು ಮರ್ಯಾದೆ ಎಂದ.

“ನೋಡು ಜಡೆಪ್ಪ, ದೊಡ್ಡವರು ಬಿಸಿಲಾಗ ಬಗ್ಗಿ ಬಗ್ಗಿ ಆಡಬಾರದು. ಅವರು ಹೊಡದದ್ದು ಎಲ್ಲೇ ಬೀಳಲಿ, ತಂದು ಗುಂಡಿಗೆ ಹಾಕಬೇಕು. ಆಮ್ಯಾಲೆ ನಿನಗ ಇಡೀ ದಿನ ರಜಾ, ಹಂಗೇ ಕುರುಗೋಡಿಗೆ ಹೋಗಿಬಿಡು.”

“ಎಲ್ಲೇ ಬಿದ್ರೂ ಹಾಕ್ಬೇಕೇನ್ರೀ ಆಚಾರ್ರೇ?”

“ಎಲ್ಲೇ ಬಿದ್ರೂ. ಮುಳ್ಳಿನಾಗ ಬಿದ್ರೂ.”

“ಆತ್ರಿ. ಮನಿಗೆ ಬಂದೋರಿಗೆ ಇಷ್ಟರ ಮಾಡ್ಬೇಕಲ್ರಿ.”

ಒಮ್ಮೆ ಪರೀಕ್ಷೆಯನ್ನೂ ಮಾಡಿದರು. ಪ್ರಹ್ಲಾದಾಚಾರ್ ಕಚ್ಚೆ ಬಿಗಿದು, ಶ್ರೀಹರಿಯನ್ನು ನೆನೆದು ತಾನೇ ಒಂದು ಚೆಂಡು ಹೊಡೆದ. ಬಂಡೆ ಸುತ್ತಿ ಬಂದು ನೋಡಿದರೆ ಚೆಂಡು ಗುಂಡಿಯಲ್ಲಿ, ಮರಳು ನುಣ್ಣಗೆ, ಜಡೆಪ್ಪ ಮಾಯ. ಮೋಸವೆಂದು ಗೊತ್ತಿದ್ದೂ ಪ್ರಹ್ಲಾದಾಚಾರನಿಗೆ ಒಂದು ಕ್ಷಣ ತಾನೇ ಗೆದ್ದೆನೆನಿಸಿ ಮೈ ಪುಳಕವಾಯಿತು. ತನಗೇ ಹೀಗಾದರೆ ಸಾಹೇಬರಿಗೆ ಹೇಗಾಗಬೇಡ?

ಸಾಹೇಬರು ಬಂದರು. ಬೆಳಗಿನ ಹೊತ್ತು, ಬಿಳಿಯ ಪ್ಯಾಂಟು, ಮೃದು ಮಾತು. ಒಂದೊಂದು ಗುಂಡಿ ಸೇರಿಸಲೂ ಎಷ್ಟೋ ಏಟು ಹೊಡೆದರು. ಬೆವರು ಒರೆಸಿಕೊಂಡಂತೆಲ್ಲ ಅವರ ಮುಖ ಗಂಟಿಕ್ಕಿತು. ಹಿಂದೆ ಬರುತ್ತಿದ್ದ ವಿರೂಪಾಕ್ಷಪ್ಪನ ಮುಖ ಅರಳಿತು. ಹರಳೆಣ್ಣೆಯ ವಾಸನೆ ಮೂಗಿಗೆ ಬಡಿದು “ಇದೇನ್ರೀ, ಬಾಣಂತಿ ಕೋಣೇನಾ?” ಎಂದರು ಸಾಹೇಬರು. ಪ್ರಹ್ಲಾದಾಚಾರ್ ವಿನಯದಿಂದ ನಕ್ಕ. ಅವನ ಮನಸ್ಸೆಲ್ಲ ಕೊನೆಯ ಗುಂಡಿಯಲ್ಲಿತ್ತು.

ಆನೆಗುಂಡಿನ ಮುಂದೆ ಸಾಹೇಬರು ಹೊಡೆದರು. ಚೆಂಡು ಸೊಗಸಾಗಿ ಎದ್ದು ಬಂಡೆ ದಾಟಿತು. ಹುರುಪಿನಲ್ಲಿ ಅವರು ಕೋಲನ್ನು ವಿರೂಪಾಕ್ಷಪ್ಪನ ಕೈಗೆ ಕೊಟ್ಟರು. “ಅಧ್ಯಕ್ಷರೇ, ಮುಚ್ಚೋ ಮುಂಚೆ ನೀವೂ ಒಂದು ಹೊಡೀರಿ.” ಬೇಡ ಬೇಡವೆನ್ನುತ್ತಲೇ ವಿರೂಪಾಕ್ಷಪ್ಪ ಶಲ್ಯ ಸೊಂಟಕ್ಕೆ ಸುತ್ತಿ, ಕಟ್ಟಿಗೆ ಸೀಳುವವನ ಹಾಗೆ ಬೀಸಿದ. ಚೆಂಡು ಅಡ್ಡಕ್ಕೆ ಹಾರಿ, ಸಿರುಗುಪ್ಪದ ದಾರಿಯಲ್ಲಿ ಹೋಗುತ್ತಿದ್ದ ಹುಲ್ಲಿನ ಗಾಡಿಯೊಳಗೆ ಬಿದ್ದದ್ದನ್ನು ಎಲ್ಲರೂ ಕಂಡರು. ಗಾಡಿಯವನಿಗೆ ಗೊತ್ತೇ ಆಗಲಿಲ್ಲ. ಎತ್ತು ಹೊಡೆದುಕೊಂಡು ಹೋಗಿಯೇ ಬಿಟ್ಟ. ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಪ್ರಹ್ಲಾದಾಚಾರ್ ಕೂಡ ಆ ದಿನ ಮೊದಲ ಬಾರಿ ಮನಸಾರೆ ನಕ್ಕ.

ಬಂಡೆಯ ಆಚೆ ಮರಳು ನುಣ್ಣಗಿತ್ತು. ಚೆಂಡಿಲ್ಲ. ಸಾಹೇಬರು ಜಾಲಿಯ ಬುಡದಲ್ಲೆಲ್ಲ ಹುಡುಕಿದರು. ಪ್ರಹ್ಲಾದಾಚಾರ್ ಅವಸರ ಮಾಡಲಿಲ್ಲ, ಅವರು ಸೋತು ನಿಟ್ಟುಸಿರು ಬಿಡುವವರೆಗೂ ತಡೆದ. ಆಮೇಲೆ, ತನಗೇನೂ ತಿಳಿಯದವನಂತೆ, “ಗುಂಡಿಯೊಳಗೂ ಒಮ್ಮೆ ನೋಡಬಹುದಿತ್ತು...” ಎಂದ.

ಸಾಹೇಬರು ಬಗ್ಗಿದರು. ಎದ್ದಾಗ ಕೈಯಲ್ಲಿ ಅವರದೇ ಕೆಂಪು ಗುರುತಿನ ಚೆಂಡಿತ್ತು, ಕಣ್ಣಲ್ಲಿ ನೀರಿತ್ತು. ಪ್ರಹ್ಲಾದಾಚಾರನನ್ನು ತಬ್ಬಿಕೊಂಡುಬಿಟ್ಟರು. “ಈ ಮೈದಾನ ಮುಚ್ಚೋರು ನನ್ನ ಹೆಣದ ಮೇಲೆ ಮುಚ್ಚಬೇಕು! ಇಲ್ಲಿಗೆ ನೀರಿನ ಕೊಳವೆ ಬರುತ್ತೆ. ಹುಲ್ಲು ಬರುತ್ತೆ. ಆಚಾರ್ರೇ, ನಿಮ್ಮ ಕೆಲಸ ಇವತ್ತಿನಿಂದ ಕಾಯಂ!” ವಿರೂಪಾಕ್ಷಪ್ಪ ಶಲ್ಯ ಬಿಚ್ಚಿ ಮುಖ ಒರೆಸಿಕೊಂಡ. ಪ್ರಹ್ಲಾದಾಚಾರನ ಕಿವಿಯಲ್ಲಿ ಆದೋನಿಯ ಓಲಗ ಕೇಳಿಸತೊಡಗಿತು. ಇದ್ದ ಒಂದೇ ಸಾಕ್ಷಿ ಈ ಹೊತ್ತಿಗೆ ಕುರುಗೋಡಿನ ದಾರಿ ಹಿಡಿದು ಅರ್ಧ ದೂರ ಹೋಗಿರುತ್ತದೆ ಎಂದುಕೊಂಡು ತೃಪ್ತಿಯಿಂದ ಉಸಿರು ಬಿಟ್ಟ.

ಅಷ್ಟರಲ್ಲಿ ಸಿರುಗುಪ್ಪದ ದಾರಿ ಕಡೆಯಿಂದ ಜಡೆಪ್ಪ ಓಡಿಬಂದ. ಮೈಯೆಲ್ಲ ಬೆವರು, ತಲೆಯೆಲ್ಲ ಹುಲ್ಲು. ಎಲ್ಲರಿಗೂ ಕೈಮುಗಿದು, ಮುಷ್ಟಿ ಬಿಚ್ಚಿ, ವಿರೂಪಾಕ್ಷಪ್ಪನ ಚೆಂಡನ್ನು ಮೆಲ್ಲಗೆ ಗುಂಡಿಗೆ ಹಾಕಿದ. “ಗಾಡಿ ಭಾಳ ಮುಂದ ಹೋಗಿತ್ರಿ ಆಚಾರ್ರೇ, ತಡಾ ಆತು,” ಎಂದ. ಸಾಹೇಬರು ಆ ಚೆಂಡನ್ನು ನೋಡಿದರು, ತಮ್ಮ ಕೈಯಲ್ಲಿದ್ದುದನ್ನು ನೋಡಿದರು. “ಇದನ್ನೂ ನೀನೇ ಹಾಕಿದ್ಯೇನಪ್ಪ?” ಎಂದು ತೀರಾ ಸಣ್ಣ ದನಿಯಲ್ಲಿ ಕೇಳಿದರು. “ಹೌದ್ರಿ, ನಿಮ್ದು ಮೊದ್ಲ ಹಾಕೀನ್ರಿ.” “ಲೇ ಜಡೆಪ್ಪ, ನಾ ಹೇಳಿದ್ದು ಸಾಹೇಬರದೊಂದೇ ಅಲ್ಲೇನೋ!” ಎಂಬ ಮಾತು ಪ್ರಹ್ಲಾದಾಚಾರನ ಬಾಯಿಂದ ತಡೆಯುವ ಮೊದಲೇ ಹೊರಬಿತ್ತು. ಜಡೆಪ್ಪ ತಲೆಯ ಹುಲ್ಲು ಕೊಡವಿಕೊಳ್ಳುತ್ತ ನೊಂದ ದನಿಯಲ್ಲಿ ಹೇಳಿದ: “ಅವರು ಹೊಡದದ್ದು ಹಾಕು ಅಂದ್ರಲ್ರೀ. ಅವರು ಅಂದ್ರ ಒಬ್ಬರೋ ಇಬ್ಬರೋ, ನಂಗೇನ್ ಗೊತ್ರಿ? ಅವ ಅಂದಿದ್ರ ಒಂದ ಹಾಕ್ತಿದ್ದೆ.”