ಗಾಜಿನ ಕಾರ್ಖಾನೆಯ ಬಿಲ್ಲೆ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರು ಮೊದಲ ಸಲ ಕೇಳಿದಾಗ ಇನ್‌ಸ್ಪೆಕ್ಟರಿಗೆ ಅರೆಬರೆ ಅರ್ಥವಾಯಿತು. ಎರಡನೆಯ ಸಲ ಹೇಳಿಸಿ ಕೇಳಿದ ಮೇಲೆ ಅದೂ ಹೋಯಿತು.

ದೂರುದಾರರು ನಿವೃತ್ತ ಮೀಟರ್ ರೀಡರ್. ಊರವರ ಮನೆಯ ವಿದ್ಯುತ್ ಮೀಟರ್ ಓದಿ ಓದಿಯೇ ಕೂದಲು ನರೆಸಿಕೊಂಡವರು. ಕುರ್ಚಿಯ ತುದಿಯಲ್ಲಿ ಕೂತು, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ನನ್ನ ದುಡ್ಡು ಕಳುವಾಗಿದೆ ಮೇಡಂ."

"ಎಲ್ಲಿಟ್ಟಿದ್ರಿ?"

"ಎಲ್ಲೂ ಇಟ್ಟಿರ್ಲಿಲ್ಲ. ಇದೆ ಅಂತಾನೇ ಗೊತ್ತಿರ್ಲಿಲ್ಲ."

"ಮತ್ತೆ ಹೋಯ್ತು ಅಂತ ಯಾವಾಗ ಗೊತ್ತಾಯ್ತು?"

"ಇದೆ ಅಂತ ಗೊತ್ತಾದ ದಿನಾನೇ."

ಮೂಲೆಯ ಮೇಜಿನಲ್ಲಿ ಕೂತಿದ್ದ ಠಾಣೆಯ ರೈಟರ್ ಪೆನ್ನು ಕೆಳಗಿಟ್ಟು ಹಣೆ ತೀಡಿಕೊಂಡ. ಇಂಥ ಮಾತನ್ನು ಎಫ್‌ಐಆರ್‌ನ ಯಾವ ಸಾಲಿಗೆ ತುರುಕುವುದೆಂಬುದೇ ಅವನ ಪೀಕಲಾಟ.

ಎಳೆ ಎಳೆಯಾಗಿ ಬಿಡಿಸಿದ ಮೇಲೆ ಹೊರಬಿದ್ದ ಸಂಗತಿ ಇಷ್ಟು. ಕೆಲಸದಿಂದ ಬಿಡುವಾದಾಗಿನಿಂದ ಮೀಟರ್ ರೀಡರಿಗೆ ಹೊಸ ಹುಚ್ಚೊಂದು ಹತ್ತಿತ್ತು, ಎಲ್ಲೋ ಮರೆತು ಬಿಟ್ಟ ತಮ್ಮ ಹಣವನ್ನು ಹುಡುಕುವುದು. ಬೀರುವಿನ ತಳದಲ್ಲಿ ಸಿಕ್ಕ ಹಳೇ ಪಾಸ್‌ಬುಕ್ಕಿನಿಂದ ಒಂದಿಷ್ಟು ಬಂತು, ಬಾಡಿಗೆ ಮನೆಯ ಕಾಲದ ಠೇವಣಿಯಿಂದ ಇನ್ನೊಂದಿಷ್ಟು. "ಇನ್ನು ಗೋಡೆ ಕೆದಕೋದೊಂದು ಬಾಕಿ" ಎಂದು ಹೆಂಡತಿ ಹಂಗಿಸುತ್ತಿದ್ದರಂತೆ. ಹೋದ ವಾರ ಹಳೇ ಟ್ರಂಕಿನಲ್ಲಿ, ಎಂದೋ ಬಾಗಿಲು ಮುಚ್ಚಿದ ಗಾಜಿನ ಬಾಟಲಿ ಕಾರ್ಖಾನೆಯ ನೇಮಕದ ಆದೇಶ ಸಿಕ್ಕಿತು. ಮದುವೆಯಾದ ಹೊಸದರಲ್ಲಿ ಅಲ್ಲಿ ಸೇರಿಕೊಂಡಿದ್ದರು. ಅದನ್ನು ಹಿಡಿದು ಭವಿಷ್ಯ ನಿಧಿ ಕಚೇರಿಗೆ ಹೋದರೆ ಗುಮಾಸ್ತ, "ನಿಮ್ಮ ಹೆಸರಲ್ಲಿ ದೊಡ್ಡ ಮೊತ್ತವೇ ಬಿದ್ದಿತ್ತು. ಹೋದ ತಿಂಗಳು ನೀವೇ ಬಂದು ತಗೊಂಡು ಹೋದ್ರಲ್ಲ!" ಎಂದ.

"ಹೆಸರು ನಂದು, ನಂಬರ್ ನಂದು. ದುಡ್ಡು ಮಾತ್ರ ಯಾವನದೋ ಜೇಬಿಗೆ ಹೋಯ್ತು" ಎಂದು ನೇಮಕದ ಆದೇಶವನ್ನು ಮೇಜಿನ ಮೇಲಿಟ್ಟರು. ಬೇರೆಯವರ ಹೆಸರು ಹೇಳಿ ವಂಚಿಸಿದ ಆರೋಪದ ಮೇಲೆ, ಅಪರಿಚಿತ ವ್ಯಕ್ತಿಯ ವಿರುದ್ಧ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ನಿಧಿ ಕಚೇರಿಗೆ ಹೋದರು. ಗುಮಾಸ್ತನಿಗೆ ಮೈಯೆಲ್ಲ ಬೆವರು.

"ಕಾರ್ಖಾನೆಯ ಗುರುತಿನ ಚೀಟಿ ತೋರಿಸಿದ್ರು ಮೇಡಂ. ಸೀಲು ಸರಿ, ನಂಬರ್ ಸರಿ. ಚೀಟಿಯಲ್ಲಿರೋ ಫೋಟೋನೂ ಅವರದೇ."

"ಅಷ್ಟು ನೋಡಿ ದುಡ್ಡು ಕೊಟ್ಟುಬಿಟ್ರಾ?"

"ಮುಚ್ಚಿದ ಕಾರ್ಖಾನೆ ಅಂದ್ರೆ ಅಷ್ಟು ಸಾಲಲ್ಲ. ಜೊತೆಗೆ ದುಡಿದ ಇಬ್ಬರು ಎದುರಿಗೆ ಬಂದು, ಇವನೇ ಅವನು ಅಂತ ಹೇಳ್ಬೇಕು. ಹೇಳಿದ್ರು."

ಚೀಟಿಯ ಜೆರಾಕ್ಸ್ ಪ್ರತಿಯಲ್ಲಿ ಮುಖವಿರಬೇಕಾದ ಜಾಗಕ್ಕೆ ಮಸಿ ಮೆತ್ತಿದಂತಿತ್ತು. ಇನ್‌ಸ್ಪೆಕ್ಟರ್ ಸಾಕ್ಷಿಗಳ ವಿಳಾಸ ಬರೆದುಕೊಂಡು ಬಂದರು. ಸುಳ್ಳು ಸಾಕ್ಷಿಗಳು ಸಿಕ್ಕಿದರೆ ಕಳ್ಳ ಸಿಕ್ಕಂತೆಯೇ ಎಂದು ಆಗ ಅವರಿಗೆ ಅನ್ನಿಸಿತ್ತು.

ಮಂಗಳವಾರ ಕರೆಸಿದಾಗ ಇಬ್ಬರೂ ತಕರಾರಿಲ್ಲದೆ ಬಂದರು. ಇಬ್ಬರೂ ಹಳೇ ಕುಲುಮೆ ಕೆಲಸಗಾರರು. ಒಬ್ಬನಿಗೆ ಕಿವಿ ಮಂದ, ಇನ್ನೊಬ್ಬ ಅವನ ಪಾಲಿನದನ್ನೂ ಸೇರಿಸಿ ಮಾತಾಡುವವನು. ಇನ್‌ಸ್ಪೆಕ್ಟರ್ ಮೀಟರ್ ರೀಡರನ್ನು ಎದುರಿಗೇ ಕೂರಿಸಿದ್ದರು.

"ಇವರು ಯಾರು ಗೊತ್ತಾ?"

"ಇಲ್ಲ ಮೇಡಂ. ಇವತ್ತೇ ನೋಡ್ತಿರೋದು."

ಇನ್‌ಸ್ಪೆಕ್ಟರ್ ದೂರಿನಲ್ಲಿದ್ದ ಹೆಸರನ್ನು ಓದಿ ಹೇಳಿದರು. ಮಾತುಗಾರ ನಕ್ಕುಬಿಟ್ಟ.

"ಅದು ನಮ್ಮ ಗುಮ್ಮನ ಹೆಸರಲ್ವಾ! ಹನ್ನೊಂದು ವರ್ಷ ಒಂದೇ ಕುಲುಮೆ ಮುಂದೆ ಬೆಂದಿದ್ದೀವಿ. ಬಾಯಿಗೆ ಬೀಗ ಹಾಕ್ಕೊಂಡೇ ಇರ್ತಿದ್ದ, ಅದಕ್ಕೇ ಗುಮ್ಮ. ಈ ಯಜಮಾನ್ರು ಯಾರೋ ಏನೋ. ಸ್ವಲ್ಪ ವಿಚಾರಿಸಿ ಮೇಡಂ, ಕಾಲ ಕೆಟ್ಟಿದೆ."

ಮೀಟರ್ ರೀಡರ್ ಕಣ್ಣು ಕಣ್ಣು ಬಿಟ್ಟರು. ಇನ್‌ಸ್ಪೆಕ್ಟರ್ ಅವರ ಕಡೆ ತಿರುಗಿದರು. ದೂರು ಕೊಟ್ಟವರೇ ಕಳ್ಳರಾದ ಪ್ರಕರಣಗಳನ್ನು ಅವರು ಕಂಡಿರಲಿಲ್ಲವೆಂದಲ್ಲ.

"ಕಾರ್ಖಾನೆಯಲ್ಲಿ ಎಷ್ಟು ದಿನ ಕೆಲಸ ಮಾಡಿದ್ರಿ?"

"ಎಂಟು ತಿಂಗಳು."

"ಅಲ್ಲಿ ಜಮಾ ಆಗಿರೋದು ಹನ್ನೊಂದು ವರ್ಷದ ದುಡ್ಡು."

"ಬಡ್ಡಿ ಬೆಳೆದಿರಬೇಕು ಮೇಡಂ."

ರೈಟರ್ ಕೆಮ್ಮುವ ನೆಪದಲ್ಲಿ ಮುಖ ತಿರುಗಿಸಿದ. ಇನ್‌ಸ್ಪೆಕ್ಟರಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಸಾಕ್ಷಿಗಳ ಮುಖದಲ್ಲಿ ಕಪಟವಿರಲಿಲ್ಲ, ದೂರುದಾರರ ಮುಖದಲ್ಲೂ ಇರಲಿಲ್ಲ. ಎಲ್ಲರೂ ಸಾಚಾ ಆದರೆ ಹಣ ಹೊಡೆದವರು ಯಾರು? ಅವರ ತಲೆ ಗಿರ್ರೆಂದಿತು.

"ನಿಮ್ಮ ಗುಮ್ಮ ಈಗೆಲ್ಲಿ?"

"ಮಾರ್ಕೆಟ್ ಹಿಂದಿನ ಓಣಿಯಲ್ಲಿ ಗಾಜು ಕತ್ತರಿಸೋ ಅಂಗಡಿ. ನಾನೇ ತೋರಿಸ್ತೀನಿ, ನಡೀರಿ."

ಎಲ್ಲರನ್ನೂ ತುಂಬಿಕೊಂಡು ಜೀಪು ಹೊರಟಿತು. ಓಣಿಗೆ ತಿರುಗುತ್ತಲೇ ಮೀಟರ್ ರೀಡರ್ ಚಡಪಡಿಸತೊಡಗಿದರು. ಕಿರಿದಾದ ಅಂಗಡಿ, ಗೋಡೆಗೆ ಒರಗಿಸಿದ ಗಾಜಿನ ಹಾಳೆಗಳು, ಮೇಲೆ ಸಾಲಾಗಿ ತೂಗುಹಾಕಿದ ಖಾಲಿ ಚೌಕಟ್ಟುಗಳು. ದಪ್ಪ ಕನ್ನಡಕದ ವಯಸ್ಸಾದವನೊಬ್ಬ ಮೇಜಿನ ಮೇಲೆ ಬಾಗಿ, ಸ್ಕೇಲು ಒತ್ತಿ ಹಿಡಿದು ಗಾಜಿಗೆ ಗೀರು ಎಳೆಯುತ್ತಿದ್ದ.

"ಇವನೇ ಮೇಡಂ" ಎಂದ ಮಾತುಗಾರ.

"ಇವನಾ?" ಮೀಟರ್ ರೀಡರ್ ಜೀಪಿನಿಂದ ಅರ್ಧ ಇಳಿದವರು ಅಲ್ಲೇ ನಿಂತರು. "ಇವನು ನನ್ನ ಹೆಂಡತಿ ತಮ್ಮ! ನನ್ನ ಸ್ವಂತ ಭಾವಮೈದ!"

"ಬನ್ನಿ ಭಾವ" ಎಂದು ಅವನು ಅಭ್ಯಾಸಬಲದಿಂದ ಸ್ಟೂಲು ಎಳೆದ. ಆಮೇಲೆ ಪೊಲೀಸರನ್ನು ಕಂಡು ಕಟರನ್ನು ಮೆಲ್ಲಗೆ ಕೆಳಗಿಟ್ಟ.

"ಇವರ ಹೆಸರಲ್ಲಿ ದುಡ್ಡು ತಗೊಂಡವರು ನೀವಾ?"

"ಹೌದು."

"ಸಹಿ?"

"ನಾನೇ ಹಾಕಿದ್ದು."

"ದುಡ್ಡು?"

ಅವನು ಮೇಜಿನ ಕೆಳಗಿನ ಪೆಟ್ಟಿಗೆ ತೋರಿಸಿದ. ಬ್ಯಾಂಕಿನವರು ಸುತ್ತಿದ್ದ ಪಟ್ಟಿ ಕೂಡ ಹರಿಯದೆ ಕಟ್ಟುಗಳು ಹಾಗೇ ಇದ್ದವು. ಜೊತೆಗೆ ಗುರುತಿನ ಚೀಟಿ, ಕಾರ್ಖಾನೆಯ ನಂಬರ್ ಕೊರೆದ ಒಂದು ಹಿತ್ತಾಳೆ ಹಾಜರಿ ಬಿಲ್ಲೆ. ಪಕ್ಕದ ದರ್ಜಿಯನ್ನೂ ಎದುರಿನ ಬೀಗ ರಿಪೇರಿಯವನನ್ನೂ ಪಂಚರನ್ನಾಗಿ ಕರೆದು ಪಂಚನಾಮೆ ಬರೆದು, ಎಲ್ಲವನ್ನೂ ವಶಕ್ಕೆ ಪಡೆದರು. ಬಿಲ್ಲೆಯನ್ನು ಕಂಡ ಮೀಟರ್ ರೀಡರ್ ಸ್ಟೂಲಿನ ಮೇಲೆ ಕುಸಿದು ಕೂತರು.

ಠಾಣೆಗೆ ಮರಳಿದ ಮೇಲೆ ಅವರೇ ಬಾಯಿಬಿಟ್ಟರು. ಎಂಟು ತಿಂಗಳಿಗೆ ಕುಲುಮೆಯ ಕಾವು ಅವರಿಗೆ ಸಾಕೋ ಸಾಕಾಗಿತ್ತು. ಅಷ್ಟರಲ್ಲಿ ಮೀಟರ್ ಓದುವ ಕೆಲಸ ಸಿಕ್ಕಿತು. ಹೊಸದು ಕೈಕೊಟ್ಟರೆ ಹಳೆಯದಾದರೂ ಇರಲಿ ಎಂದು ರಾಜೀನಾಮೆ ಕೊಡದೆ, ಬಿಲ್ಲೆಯನ್ನು ಭಾವಮೈದನ ಕೈಗಿಟ್ಟರು. ಆ ಕಾರ್ಖಾನೆಯಲ್ಲಿ ಇದು ನಡೆದುಕೊಂಡು ಬಂದದ್ದೇ. ಕುಲುಮೆಯ ಮುಂದೆ ಎಲ್ಲರಿಗೂ ಮುಖಕ್ಕೆ ಬಟ್ಟೆ, ಕಣ್ಣಿಗೆ ಕಪ್ಪು ಕನ್ನಡಕ; ಮೇಸ್ತ್ರಿ ಎಣಿಸುತ್ತಿದ್ದದ್ದು ಬಿಲ್ಲೆಗಳನ್ನು, ಮುಖಗಳನ್ನಲ್ಲ. ಭಾವಮೈದನಿಗೆ ಆಗ ಕೆಲಸಕ್ಕೆ ಸೇರುವ ವಯಸ್ಸೇ ಆಗಿರಲಿಲ್ಲ. ಬಿಲ್ಲೆ ತಂದವನ ಕೈಗೇ ಸಂಬಳ ಸಿಗುತ್ತಿತ್ತು; ನಿಧಿಯ ಹಣ ಮಾತ್ರ ಭಾವನ ಹೆಸರಿಗೆ ಬೀಳುತ್ತಿತ್ತು. ಮುಂದೆ ಗುರುತಿನ ಚೀಟಿ ಮಾಡಿಸಿದಾಗ ಹೆಸರು ಭಾವನದು, ಫೋಟೋ ಇವನದು.

"ಒಂದೆರಡು ತಿಂಗಳು ನೋಡಿ ವಾಪಸ್ ತಗೋತೀನಿ ಅಂದಿದ್ದೆ ಮೇಡಂ. ಆಮೇಲೆ ಮರೆತೇಬಿಟ್ಟೆ. ದೇವರಾಣೆ, ಮರೆತೇಬಿಟ್ಟೆ."

ಗುಮ್ಮ ಗೋಡೆಗೆ ಒರಗಿ ನಿಂತಿದ್ದ. ಹನ್ನೊಂದು ವರ್ಷ ಅವನು ಯಾರ ಜೊತೆಗೂ ಮಾತಾಡದೆ ಇದ್ದದ್ದೇಕೆಂದು ಹಳೇ ಸ್ನೇಹಿತರಿಗೆ ಈಗ ತಿಳಿಯಿತು. ಬಾಯಿ ಬಿಟ್ಟರೆ ಎಲ್ಲಿ ಸಿಕ್ಕಿಬೀಳುತ್ತೇನೋ ಎಂಬ ಹೆದರಿಕೆ. ಮೀಟರ್ ರೀಡರ್ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

"ದೂರು ವಾಪಸ್ ತಗೋತೀನಿ ಮೇಡಂ. ಮನೆ ಮಾತು, ಮನೇಲೇ ಮುಗಿಸ್ಕೋತೀವಿ."

"ಎಫ್‌ಐಆರ್ ಆಗಿದೆ. ಹರಿದು ಎಸೆಯೋಕೆ ಅದು ಕ್ಯಾಲೆಂಡರ್ ಹಾಳೆ ಅಲ್ಲ. ನೀವು ಬಿಲ್ಲೆ ಕೊಟ್ಟಿದ್ದನ್ನೂ ಬರೀಲೇಬೇಕು. ದುಡ್ಡು ಯಾರದು ಅಂತ ಕೋರ್ಟ್ ಹೇಳಲಿ."

ಮಾತು ಬಿರುಸಾಗಿ ಬಂತು, ಇನ್‌ಸ್ಪೆಕ್ಟರಿಗೆ ಒಳಗೆ ಮಾತ್ರ ಸಂಕಟವಾಗುತ್ತಿತ್ತು. ಸುಳ್ಳು ಸಹಿ ಹಾಕಿದವನು ಎದುರಿಗಿದ್ದ, ಒಪ್ಪಿಯೂ ಇದ್ದ. ಕಾನೂನಿನ ಮಟ್ಟಿಗೆ ಗೊಂದಲವೇ ಇರಲಿಲ್ಲ. ಆ ಹಣಕ್ಕಾಗಿ ಬೆಂಕಿಯ ಮುಂದೆ ಕಣ್ಣು ಸುಟ್ಟುಕೊಂಡವನನ್ನೇ ಒಳಗೆ ಹಾಕಬೇಕಲ್ಲ ಎಂಬುದು ಅವರ ಮನಸ್ಸಿಗೆ ಒಗ್ಗಲಿಲ್ಲ. ಆದರೂ ಸಂಜೆ ಐದಕ್ಕೆ ಬಂಧನದ ಕಾಗದ ತರಿಸಿದರು.

"ನಿಮ್ಮ ಕಡೆಯವರಿಗೆ ವಿಷಯ ತಿಳಿಸ್ಬೇಕು. ಯಾರಿದ್ದಾರೆ?"

"ಅಕ್ಕ ಒಬ್ಬಳೇ. ಅವಳಿಗೆ ಬಿ.ಪಿ. ಇದೆ. ಭಾವನಿಗೇ ಹೇಳಿ ಮೇಡಂ."

ರೈಟರ್ ಇನ್‌ಸ್ಪೆಕ್ಟರ್ ಮುಖ ನೋಡಿದ. ಅವರು ತಲೆಯಾಡಿಸಿದರು. ನಿನ್ನೆ ದೂರುದಾರರಾಗಿ ಸಹಿ ಹಾಕಿದ್ದ ಮೀಟರ್ ರೀಡರ್, ಇಂದು ಬಂಧಿತನ ಸಂಬಂಧಿಕರಾಗಿ ಸಹಿ ಹಾಕಿದರು. ಪೆನ್ನು ಕೆಳಗಿಟ್ಟು ಭಾವಮೈದನ ಕಡೆ ತಿರುಗಿದರು.

"ಯಾಕೋ ಹೀಗ್ಮಾಡ್ದೆ? ಒಂದು ಮಾತು ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ?"

"ಕೇಳಿದ್ದೆ ಭಾವ." ಗುಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಮರೆತ ದುಡ್ಡೆಲ್ಲ ಹುಡುಕ್ತಿದ್ದೀನಿ ಅಂತ ಎರಡು ತಿಂಗಳ ಹಿಂದೆ ನಿಮ್ಮ ಮನೇಲಿ ಹೇಳ್ತಾ ಕೂತಿದ್ರಲ್ಲ, ಆವತ್ತು. ಗಾಜಿನ ಕಾರ್ಖಾನೇಲಿ ನಂದೂ ಒಂದಿಷ್ಟು ಇರಬೇಕಲ್ವಾ ಭಾವ ಅಂದೆ. ನೀವು ನಕ್ಕು, ನಿಂದೇನೋ ಅಲ್ಲಿ, ನಾಲ್ಕು ದಿನ ನನ್ನ ಬದಲಿಗೆ ನಿಂತಿದ್ದೆ ಅಷ್ಟೆ ಅಂದ್ರಿ. ದುಡ್ಡಿನ ಆಸೆ ಇರ್ಲಿಲ್ಲ ಭಾವ. ನಾಲ್ಕು ದಿನ ಅಂದ್ರಲ್ಲ, ಅದನ್ನ ತಡ್ಕೊಳ್ಳೋಕಾಗ್ಲಿಲ್ಲ."

ಕಾನ್‌ಸ್ಟೇಬಲ್ ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದ. ಮೀಟರ್ ರೀಡರ್ ಎದ್ದು ಹೋಗಲಿಲ್ಲ. ಹಾಗೆ ಅಂದದ್ದು ಯಾವತ್ತು, ಎಲ್ಲಿ ಕೂತು, ಯಾರೆದುರಿಗೆ ಎಂದು ಬಹಳ ಹೊತ್ತು ಯೋಚಿಸಿದರು. ಏನು ಮಾಡಿದರೂ ಅವರಿಗೆ ಆ ಮಾತು ನೆನಪಿಗೆ ಬರಲಿಲ್ಲ.