ಸಿಂಕಿನ ಕೆಳಗೆ ಎಳೆದ ಗೆರೆಗಳು

"ನಾಳೆನೂ ಹೀಗೇ ಆದ್ರೆ ನಾನು ಈ ಮನೇಲಿ ಇರಲ್ಲ ಕಣೇ," ಎಂದರು ಅತ್ತಿಗೆ, ಸಿಂಕಿನ ಕೆಳಗಿನ ಕಪಾಟಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು.

ನಾವು ಬಾಡಿಗೆಗೆ ಬಂದು ಐದು ದಿನವಾಗಿತ್ತು. ನಾನು ಜೋಡಿಸಿಟ್ಟ ಬಾಟಲಿ, ಬ್ರಷ್ಷು, ಬಕೆಟ್ಟುಗಳೆಲ್ಲ ಪ್ರತಿ ಬೆಳಗ್ಗೆ ಒಂದು ಪಕ್ಕಕ್ಕೆ ಒತ್ತರಿಸಿಕೊಂಡಿರುತ್ತಿದ್ದವು, ಯಾರೋ ಜಾಗ ಮಾಡಿಕೊಂಡ ಹಾಗೆ. ಪೈಪು ಸೋರುತ್ತಿರಲಿಲ್ಲ, ಆದರೂ ಒರೆಸುಬಟ್ಟೆ ಒದ್ದೆಯಾಗಿರುತ್ತಿತ್ತು. ಒಳಗೆ ಕೈ ಹಾಕಿದರೆ ಮೊಣಕೈವರೆಗೆ ಕೊರೆಯುವ ಚಳಿ.

ಅಣ್ಣ ತೀರಿಹೋದ ಮೇಲೆ ಅತ್ತಿಗೆ ನನ್ನ ಜೊತೆ ಇರಲು ಒಪ್ಪಿದ್ದೇ ದೊಡ್ಡದು. ಒಂದು ಕಪಾಟಿಗೆ ಸೋತು ಅವರನ್ನು ಕಳುಹಿಸಿಕೊಡಲು ನಾನು ತಯಾರಿರಲಿಲ್ಲ.

ನಾನು ಗ್ಯಾರೇಜಿನ ಸಾಮಾನು ಕೋಣೆ ನೋಡಿಕೊಳ್ಳುವವಳು. ಅಲ್ಲಿ ಪ್ರತಿ ಸ್ಪ್ಯಾನರಿನ ಸುತ್ತ ಗೆರೆ ಎಳೆದಿರುತ್ತೇವೆ; ಯಾವುದರ ಜಾಗ ಎಲ್ಲಿ ಎಂಬ ತಕರಾರೇ ಇಲ್ಲ. ಆ ಸಂಜೆ ಸೀಮೆಸುಣ್ಣ ಹಿಡಿದು ಕಪಾಟಿನ ಹಲಗೆಯ ಮೇಲೂ ಹಾಗೇ ಎಳೆದೆ.

"ಗೆರೆಯೊಳಗಿರೋದು ನಮ್ದು, ಉಳಿದಿದ್ದು ನಿಮ್ದು," ಎಂದು ಕಪಾಟಿನೊಳಗೆ ಗಟ್ಟಿಯಾಗಿ ಹೇಳಿದೆ.

"ಇರೋದೇ ಬಾಡಿಗೆ ಮನೆ, ಅದ್ರಲ್ಲಿ ಒಳಬಾಡಿಗೆ ಬೇರೆ," ಎಂದು ಅತ್ತಿಗೆ ಅಣಕಿಸಿದರು.

ಬೆಳಗ್ಗೆ ಒಂದು ಬಾಟಲಿಯೂ ಗೆರೆ ದಾಟಿರಲಿಲ್ಲ. ಬಟ್ಟೆ ಗರಿಗರಿಯಾಗಿ ಒಣಗಿತ್ತು. ಎದೆಯುಬ್ಬಿಸಿ ಅತ್ತಿಗೆಯನ್ನು ಕರೆದೆ.

"ಗೆದ್ದೆ ಬಿಡು," ಎಂದು ಅವರು ಈ ಮನೆಯಲ್ಲಿ ಮೊದಲ ಸಲ ಮನಸಾರೆ ನಕ್ಕರು. "ನನ್ನ ಪೆಟ್ಟಿಗೆ ಬಿಚ್ಚಿಬಿಡ್ತೀನಿ. ಆದ್ರೆ ಆ ಖಾಲಿ ಜಾಗಕ್ಕೆ ಯಾಕೆ ಗೆರೆ ಎಳೆದೆ?"

"ನಾನು ಎಳೆದಿಲ್ಲ ಅತ್ತಿಗೆ."

ಬಗ್ಗಿ ನೋಡಿದೆ. ಅಕ್ಕಪಕ್ಕ ಎರಡು ಪಾದಗಳ ಆಕಾರದ ಗೆರೆ, ಬೆರಳುಗಳು ನಮ್ಮ ಕಡೆಗೆ. ಮುಟ್ಟಿದೆ. ಅಲ್ಲಿ ಮಾತ್ರ ಹಲಗೆ ಬೆಚ್ಚಗಿತ್ತು.